ಬಳ್ಳಾರಿಯ ಅಚ್ಚುಕೂಟದಿಂದ ಜಟಿಂಗ ರಾಮೇಶ್ವರದ ಬಂಡೆಯವರೆಗೆ: ಲಂಡನ್ ಮಿಷನ್ನಿನ ಅಕ್ಷರಸೇವೆ

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಯಾವ ಮಿಷನರಿಯೂ ಬಂಗಲೆ ಕಟ್ಟಲಿಲ್ಲ, ಗುಡಿಯ ಪಕ್ಕದಲ್ಲಿ ಗಂಟೆಗೋಪುರ ಏಳಲಿಲ್ಲ. ಹಾಗಿದ್ದರೂ ಕನ್ನಡ ನಾಡಿನ ಕ್ರೈಸ್ತ ಮಿಷನ್ನುಗಳ ಚರಿತ್ರೆ ಬರೆಯುವವರು ಈ ಬೆಟ್ಟವನ್ನು ಒಮ್ಮೆ ಹತ್ತಿ ಇಳಿಯಬೇಕು. ಬೆಟ್ಟದ ಮೇಲಿನ ಬಂಡೆಯಲ್ಲಿ ಅಶೋಕ ಚಕ್ರವರ್ತಿಯ ಶಾಸನವಿದೆ ಎಂದು 1892ರಲ್ಲಿ ಲೋಕಕ್ಕೆ ತಿಳಿಸಿದವರು ಬೆಂಜಮಿನ್ ಲೂಯಿಸ್ ರೈಸ್. ಅವರು ಹುಟ್ಟಿದ್ದು ಬೆಂಗಳೂರಿನ ಮಿಷನ್ ಮನೆಯಲ್ಲಿ. ತಂದೆ ಬೆಂಜಮಿನ್ ರೈಸ್ ಲಂಡನ್ ಮಿಷನರಿ ಸೊಸೈಟಿಯ ಸಭಾಪಾಲಕರಾಗಿ ಐವತ್ತು ವರ್ಷ ಕನ್ನಡದಲ್ಲೇ ದುಡಿದು ಬೆಂಗಳೂರಿನಲ್ಲೇ ಕಣ್ಣು ಮುಚ್ಚಿದವರು.

ಮಿಷನ್ನಿನ ಲೆಕ್ಕವನ್ನು ದೀಕ್ಷಾಸ್ನಾನ ಪಡೆದವರ ಸಂಖ್ಯೆಯಿಂದ ಹಾಕುವುದು ವಾಡಿಕೆ. ಮೆಚ್ಚುವವರೂ ಹಾಗೇ ಎಣಿಸುತ್ತಾರೆ, ಟೀಕಿಸುವವರೂ ಹಾಗೇ ಎಣಿಸುತ್ತಾರೆ. ಆ ಲೆಕ್ಕಕ್ಕೆ ಸಿಗದೆ ಉಳಿದ ಸೇವೆಯೊಂದಿದೆ. ಸುವಾರ್ತೆಗಾಗಿ ಕನ್ನಡ ಕಲಿತ ಜನ ಕನ್ನಡಕ್ಕೆ ಅಚ್ಚಿನ ಮೊಳೆ, ನಿಘಂಟು, ಪಾಠಪುಸ್ತಕ, ಶಾಲೆಗಳನ್ನು ಒದಗಿಸಿದರು. ಅವು ಸಭೆಯ ಆವರಣದೊಳಗೆ ನಿಲ್ಲದೆ ಎಲ್ಲರ ಸೊತ್ತಾದವು. ಈ ಲೇಖನ ಆ ಸೇವೆಯ ಕುರಿತದ್ದು. ಅದು ಮೊದಲಾದದ್ದು ಜಟಿಂಗ ರಾಮೇಶ್ವರಕ್ಕೆ ಹತ್ತಿರದ ದೊಡ್ಡ ಊರಾದ ಬಳ್ಳಾರಿಯಲ್ಲಿ.

ಬಳ್ಳಾರಿಯಲ್ಲಿ ಮೊದಲ ಹೆಜ್ಜೆ

ಲಂಡನ್ ಮಿಷನರಿ ಸೊಸೈಟಿ ಸ್ಥಾಪನೆಯಾದದ್ದು 1795ರಲ್ಲಿ. ಅದರ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಅವರನ್ನು ಕಳುಹಿಸಿದ್ದು ಶ್ರೀರಂಗಪಟ್ಟಣಕ್ಕೆಂದು. ಅಲ್ಲಿ ನೆಲೆಸಲು ಅನುಮತಿ ಸಿಗದೆ ಬಳ್ಳಾರಿಗೆ ತಿರುಗಿದರು. ಈಸ್ಟ್ ಇಂಡಿಯಾ ಕಂಪನಿಗೆ ಆಗ ಮಿಷನರಿಗಳೆಂದರೆ ಅಷ್ಟಕ್ಕಷ್ಟೇ. ಅವರಿಗೆ ಕಾನೂನಿನ ಬಾಗಿಲು ತೆರೆದದ್ದು 1813ರ ಸನ್ನದಿನಿಂದ. ಬಳ್ಳಾರಿ ಸೀಮೆಯನ್ನು ನಿಜಾಮರು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟಿದ್ದರು. ಊರಿನಲ್ಲಿ ದಂಡು ಇಳಿದಿತ್ತು, ಕನ್ನಡ, ತೆಲುಗು, ಉರ್ದು ಮೂರೂ ಪೇಟೆಯಲ್ಲಿ ನಡೆಯುತ್ತಿದ್ದವು. ದಕ್ಷಿಣಕ್ಕೆ ಕೆಲವು ಹರಿದಾರಿ ನಡೆದರೆ ಮೈಸೂರು ಸಂಸ್ಥಾನದ ಗಡಿ, ಗಡಿಯಾಚೆಗೆ ಮೊಳಕಾಲ್ಮೂರು. ಈ ಆಡಳಿತದ ಗೆರೆ 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರುವವರೆಗೂ ಉಳಿಯಿತು. ಗೆರೆಯ ಎರಡೂ ಕಡೆ ಮಾತು ಒಂದೇ, ಬರವೂ ಒಂದೇ.

ಹ್ಯಾಂಡ್ಸ್ ಬಂದಾಗ ಕನ್ನಡಕ್ಕೆ ಅಚ್ಚಾದ ಒಂದು ವ್ಯಾಕರಣವೂ ಇರಲಿಲ್ಲ, ನಿಘಂಟೂ ಇರಲಿಲ್ಲ. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ಶ್ರೀರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಹಳಗನ್ನಡದ ಶಾಸ್ತ್ರಗ್ರಂಥಗಳು ಓಲೆಗರಿಯಲ್ಲಿ ಮಠಗಳಲ್ಲೂ ಪಂಡಿತರ ಮನೆಗಳಲ್ಲೂ ಇದ್ದವು; ಪರದೇಶದವನ ಕೈಗೆ ಅವು ಸುಲಭವಾಗಿ ಬರುವಂಥವಲ್ಲ. ಹಾಗಾಗಿ ಹ್ಯಾಂಡ್ಸ್ ಕಲಿತದ್ದು ಮುನ್ಷಿಗಳ ಬಾಯಿಂದ, ಸಂತೆಯಿಂದ, ಹಂಪಿಯ ಜಾತ್ರೆಯಿಂದ. ಬೆಳಗ್ಗೆ ಶಾಲೆ, ಸಂಜೆ ದಂಡಿನ ಸೈನಿಕರಿಗೆ ಉಪದೇಶ, ಉಳಿದ ಹೊತ್ತೆಲ್ಲ ಭಾಷಾಂತರ. ಹೀಗೆ ಇಪ್ಪತ್ತು ವರ್ಷ ಬಿಡದೆ ಮಾಡಿದ ಕೆಲಸದ ಫಲವಾಗಿ 1831ರ ಹೊತ್ತಿಗೆ ಇಡೀ ಸತ್ಯವೇದ (ಬೈಬಲ್) ಕನ್ನಡಕ್ಕೆ ಬಂತು.

ಈ ಭಾಷಾಂತರದಲ್ಲಿ ಒರಟುತನವಿತ್ತು. ಮುಂದೆ ಅದನ್ನು ತಿದ್ದಬೇಕೆಂದು ಎಲ್ಲ ಮಿಷನ್ನುಗಳೂ ಒಪ್ಪಿದವು. ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಅವರಂಥ ಕನ್ನಡಬಲ್ಲವರು ಕುಳಿತು ಪರಿಷ್ಕರಿಸಿದರು. ಆದರೂ ಮೊದಲ ಪ್ರತಿಯ ಹಿರಿಮೆ ಬೇರೆ. ಸಾಮಾನ್ಯರ ಕೈಗೆ ಕೊಡಲೆಂದೇ ಕನ್ನಡ ಗದ್ಯದ ಒಂದು ಮಹಾಗ್ರಂಥ ಸಿದ್ಧವಾದದ್ದು ಅಂದು ವಿರಳ. ಕಾವ್ಯ ಹಾಡುವ, ಪುರಾಣ ಕೇಳುವ ನಾಡಿನಲ್ಲಿ ಒಬ್ಬ ಕೂಲಿಯವನೂ ಒಬ್ಬ ಹೆಂಗಸೂ ಮನೆಯಲ್ಲಿ ತಾವೇ ಕುಳಿತು ಓದಲಿ ಎಂದು ಸಾವಿರಾರು ಸಾಲು ಗದ್ಯ ಅಚ್ಚಾಯಿತು. ಓದಲು ಪುಸ್ತಕ ಕೊಟ್ಟ ಮೇಲೆ ಓದು ಕಲಿಸಲೇಬೇಕಾಯಿತು. ಮಿಷನ್ನಿನ ಶಾಲೆಗಳೆಲ್ಲ ಈ ಒಂದು ಅಗತ್ಯದಿಂದ ಹುಟ್ಟಿದವು.

ಅಚ್ಚುಕೂಟ, ನಿಘಂಟು, ಪತ್ರಿಕೆ

ಹ್ಯಾಂಡ್ಸ್ ಅವರ ಜೊತೆಗಾರ ವಿಲಿಯಂ ರೀವ್ 1816ರಲ್ಲಿ ಬಳ್ಳಾರಿಗೆ ಬಂದರು. ಭಾಷಾಂತರಕ್ಕೆಂದು ಕೂಡಿಟ್ಟ ಪದಗಳು ಅವರ ಕೈಯಲ್ಲಿ ನಿಘಂಟಾದವು. ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ, ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂದವು. ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ ಎರಡನೆಯದನ್ನು ತಿದ್ದಿ 1858ರಲ್ಲಿ ಬೆಂಗಳೂರಿನಲ್ಲಿ ಪ್ರಕಟಿಸಿದರು. ಅವರ ಬಳಿಕ ಆ ಹೊಲವನ್ನು ಉತ್ತವರು ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್. ಅವರ ಮಹಾ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಕಿಟ್ಟೆಲರ ಹೆಸರು ಮನೆಮಾತಾಗಿದೆ, ಆಗಬೇಕಾದದ್ದೇ. ಎಪ್ಪತ್ತು ವರ್ಷ ಮೊದಲೇ ಬಳ್ಳಾರಿಯ ಬಿಸಿಲಿನಲ್ಲಿ ಕುಳಿತು ಮೊದಲ ಗೆರೆ ಎಳೆದ ರೀವ್ ಅವರ ಹೆಸರೂ ಅದರ ಜೊತೆಗೆ ಬರಬೇಕು.

ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಅಚ್ಚುಕೂಟಕ್ಕೆ ಇನ್ನೊಂದು ಗೌರವವಿದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರತಂದರು. ಮರುವರ್ಷ ಅದು ಬಳ್ಳಾರಿಗೆ ಬಂದು, ಅಚ್ಚಿನ ಮೊಳೆಗಳಲ್ಲಿ ‘ಕನ್ನಡ ಸಮಾಚಾರ’ ಎಂಬ ಹೆಸರಿನಿಂದ ಪ್ರಕಟವಾಯಿತು. ಜರ್ಮನ್ ಭಾಷಿಕರ ಮಿಷನ್ನಿನ ಪತ್ರಿಕೆಗೆ ಇಂಗ್ಲಿಷರ ಮಿಷನ್ ಇದ್ದ ಊರು ನೆಲೆಯಾಯಿತು. ಲಂಡನ್, ಬಾಸೆಲ್, ವೆಸ್ಲಿಯನ್ ಎಂಬ ಮೂರು ಮಿಷನ್ನುಗಳಿಗೆ ಹುಟ್ಟಿದ ದೇಶ, ಆರಾಧನೆಯ ಕ್ರಮ, ಹಣದ ಮೂಲ ಎಲ್ಲವೂ ಬೇರೆ. ಕನ್ನಡದ ಕೆಲಸದಲ್ಲಿ ಅವು ಒಂದಾದವು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪನೆಯಾಗಿ ಸಭಾಭೇದಗಳು ಕರಗಿದ್ದನ್ನು ನಾವು ಹಬ್ಬದಂತೆ ನೆನೆಯುತ್ತೇವೆ. ಆ ಐಕ್ಯಕ್ಕೆ ಕನ್ನಡ ನಾಡಿನಲ್ಲಿ ಒಂದು ಶತಮಾನ ಮೊದಲೇ ಸತ್ಯವೇದದ ಕರಡು ತಿದ್ದುವ ಮೇಜಿನ ಮೇಲೆ ಅಭ್ಯಾಸ ನಡೆದಿತ್ತು.

ಶಾಲೆಗಳು

1846ರಲ್ಲಿ ಬಳ್ಳಾರಿಯಲ್ಲಿ ಮಿಷನರಿ ವಾರ್ಡ್ಲಾ ಅವರ ಹೆಸರಿನ ಶಾಲೆ ಆರಂಭವಾಯಿತು. ಮಿಷನ್ನಿನ ಶಾಲೆಯಾದರೂ ಅದರ ಬೆಂಚುಗಳ ಮೇಲೆ ಕೂತವರಲ್ಲಿ ಬಹುಪಾಲು ಕ್ರೈಸ್ತೇತರ ಮನೆಗಳ ಮಕ್ಕಳು. ಬೆಳಗಾವಿಯಲ್ಲಿ ಇದೇ ಸೊಸೈಟಿಯ ವಿಲಿಯಂ ಬೈನನ್ 1830ರ ದಶಕದಲ್ಲಿ ಕಟ್ಟಿದ ಶಾಲೆ ಬೈನನ್ ಸ್ಮಿತ್ ಹೆಸರಿನಲ್ಲಿ ಇಂದಿಗೂ ನಡೆಯುತ್ತಿದೆ.

ಬೆಂಗಳೂರಿನಲ್ಲಿ ಲಂಡನ್ ಮಿಷನ್ 1820ರಲ್ಲಿ ಕಾಲೂರಿತು. ಬೆಂಜಮಿನ್ ರೈಸ್ ಅಲ್ಲಿಗೆ ಬಂದದ್ದು 1837ರಲ್ಲಿ. ಪೇಟೆಯಲ್ಲಿ ಉಪದೇಶ, ಶಾಲೆಗಳಿಗೆ ಕನ್ನಡ ಪುಸ್ತಕಗಳ ರಚನೆ, ಸತ್ಯವೇದ ಪರಿಷ್ಕರಣೆ, ಈ ಮೂರನ್ನೂ ಅವರು 1887ರಲ್ಲಿ ತೀರಿಕೊಳ್ಳುವವರೆಗೆ ಬಿಡಲಿಲ್ಲ. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯ ಅವರ ಹೆಸರನ್ನು ಹೊತ್ತು ನಿಂತಿದೆ. ಅವರ ಪತ್ನಿ ಜೇನ್ ರೈಸ್ ಮತ್ತು ಸಹೋದ್ಯೋಗಿ ಜೇಮ್ಸ್ ಸೂವೆಲ್ ಅವರ ಪತ್ನಿ ಸೇರಿ 1840ರ ದಶಕದಲ್ಲಿ ಕನ್ನಡ ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದರು. ಹೆಣ್ಣು ಓದಿದರೆ ಮನೆ ಕೆಡುತ್ತದೆಂದು ನಂಬಿದ್ದ ಕಾಲ ಅದು. ಮಗಳನ್ನು ಕಳುಹಿಸಿ ಎಂದು ಮನೆಮನೆಯ ಬಾಗಿಲಲ್ಲಿ ನಿಂತು ಕೇಳುವುದೇ ಅಂದಿನ ಶಿಕ್ಷಕಿಯರ ಅರ್ಧ ಕೆಲಸ. ಮಿಷನ್ನಿನ ಚರಿತ್ರೆಯಲ್ಲಿ ಈ ಹೆಂಗಸರ ಹೆಸರು ಗಂಡಂದಿರ ಹೆಸರಿನ ಹಿಂದೆ ನಿಂತುಬಿಟ್ಟಿತು. ಅವರು ಕಟ್ಟಿದ ದಾರಿಯಲ್ಲಿ ನಡೆದವರು ಸಾವಿರಾರು ಮಂದಿ.

ಬರದ ವರ್ಷಗಳು

1876ರಿಂದ 1878ರವರೆಗಿನ ಧಾತು–ಈಶ್ವರ ಸಂವತ್ಸರಗಳ ಬರ ಬಳ್ಳಾರಿ, ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯನ್ನು ಹಿಂಡಿಹಾಕಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50,55,412 ಇದ್ದದ್ದು 1881ರಲ್ಲಿ 41,86,188ಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಬೆಳೆಯಬೇಕಾದ ನಾಡು ಎಂಟೂವರೆ ಲಕ್ಷಕ್ಕೂ ಮಿಕ್ಕಿ ಕುಗ್ಗಿತು. ಮಿಷನ್ನುಗಳು ಗಂಜಿ ಕೊಟ್ಟವು, ಊರೂರು ಸುತ್ತಿ ಪರಿಹಾರದ ಹಣ ಹಂಚಿದವು, ತಂದೆತಾಯಿ ಕಳೆದುಕೊಂಡ ಮಕ್ಕಳಿಗೆ ಅನಾಥಾಲಯ ತೆರೆದವು. ನಮ್ಮ ಹಳೆಯ ಸಭೆಗಳ ಎಷ್ಟೋ ಮನೆತನಗಳ ಮೂಲ ಈ ಅನಾಥಾಲಯಗಳ ದಾಖಲೆಯಲ್ಲಿದೆ.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಹಸಿದವನಿಗೆ ಅನ್ನದ ಜೊತೆ ಉಪದೇಶವನ್ನೂ ಬಡಿಸಿದರೆ ಆತ ಒಪ್ಪಿದ್ದು ಯಾವುದನ್ನು ಎಂಬ ಪ್ರಶ್ನೆ ಅಂದೂ ಇತ್ತು, ಇಂದೂ ಇದೆ. ಅಂದಿನ ಕರಪತ್ರಗಳಲ್ಲಿ ನಾಡಿನ ದೇವರುಗಳನ್ನೂ ಆಚಾರಗಳನ್ನೂ ಹೀನಾಯವಾಗಿ ಬರೆದ ಪುಟಗಳಿವೆ. ಅವು ನೆರೆಯವರ ಮನಸ್ಸು ನೋಯಿಸಿದವು, ಸುವಾರ್ತೆಯನ್ನೂ ಕುಗ್ಗಿಸಿದವು. ಆ ಪುಟಗಳನ್ನು ಮುಚ್ಚಿಟ್ಟು ಬರೆದ ಚರಿತ್ರೆ ಯಾರಿಗೂ ಬೇಡ. ಅದೇ ಮಿಷನ್ನುಗಳಲ್ಲಿ ನಾಡಿನ ಕಾವ್ಯ, ಛಂದಸ್ಸು, ವಚನಗಳನ್ನು ಪ್ರೀತಿಯಿಂದ ಓದಿದವರೂ ಇದ್ದರು. ಬೈದ ಕರಪತ್ರಗಳನ್ನು ಜನ ಮರೆತರು. ಕಲಿತು ಬರೆದ ಪುಸ್ತಕಗಳು ಇವತ್ತಿಗೂ ಕೈಯಲ್ಲಿವೆ.

ಮಿಷನ್ ಮನೆಯ ಮಗ

ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದು 1837ರ ಜುಲೈ 17ರಂದು. ಅವರ ತಂದೆ ಬೆಂಗಳೂರಿಗೆ ಬಂದ ವರ್ಷವೇ ಅದು. ಕಲ್ಕತ್ತದಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯ ಗುಟ್ಟು ಬಿಡಿಸಿ ಅಶೋಕನ ಮಾತುಗಳನ್ನು ಓದಿದ್ದೂ ಅದೇ 1837ರಲ್ಲಿ. ಇಂಗ್ಲೆಂಡಿನಲ್ಲಿ ಓದಿ 1860ರಲ್ಲಿ ಮರಳಿದ ರೈಸ್ ಸಭಾಪಾಲಕರಾಗದೆ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರಾದರು, ಬಳಿಕ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರ್ ಆದರು. ಹೋಬಳಿಗೊಂದು ಶಾಲೆ ಬೇಕೆಂಬ ಯೋಜನೆ 1868ರಲ್ಲಿ ಅವರ ಕೈಯಿಂದಲೇ ರೂಪುಗೊಂಡಿತು. ಊರಿನ ಕೂಲಿಮಠದ ಅಯ್ಯನವರಿಗೇ ತರಬೇತಿ ಕೊಟ್ಟು ಮೇಷ್ಟರನ್ನಾಗಿ ಮಾಡುವ ವಿಚಾರ ಅದರಲ್ಲಿತ್ತು. ತಂದೆ ಪೇಟೆಯ ಮಿಷನ್ ಶಾಲೆಯಲ್ಲಿ ಮಾಡಿದ್ದನ್ನು ಮಗ ಇಡೀ ಸಂಸ್ಥಾನದ ಹಳ್ಳಿಗಳಿಗೆ ಹರಡಿದರು.

ಶಾಲೆ ನೋಡಲು ಕುದುರೆಯೇರಿ ಹಳ್ಳಿ ಸುತ್ತುವಾಗ ಕೆರೆ ಏರಿಯ ಮೇಲೆ, ಗುಡಿಯ ಅಂಗಳದಲ್ಲಿ, ಹೊಲದ ಬದುವಿನಲ್ಲಿ ಬರಹದ ಕಲ್ಲುಗಳು ಕಾಣುತ್ತಿದ್ದವು. ಅವನ್ನು ಓದುವ ಹಂಬಲ ಅವರನ್ನು ಬಿಡಲಿಲ್ಲ. 1879ರಲ್ಲಿ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’ ಪ್ರಕಟವಾಯಿತು. 1886ರಿಂದ ಇಪ್ಪತ್ತು ವರ್ಷಗಳೊಳಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟಗಳು ಸುಮಾರು 9,000 ಶಾಸನಗಳನ್ನು ನಾಡಿಗೆ ಕೊಟ್ಟವು. ಹನ್ನೊಂದನೆಯ ಸಂಪುಟ ಚಿತ್ರದುರ್ಗ ಜಿಲ್ಲೆಯದು. ಪಂಪನ ಭಾರತವನ್ನು ಓಲೆಗರಿಯಿಂದ ಅಚ್ಚಿಗೆ ತಂದ ಕೀರ್ತಿಯೂ ರೈಸ್ ಅವರದು. ಅವರ ತಮ್ಮ ಎಡ್ವರ್ಡ್ ಪಿ. ರೈಸ್ ತಂದೆಯ ದಾರಿ ಹಿಡಿದು ಲಂಡನ್ ಮಿಷನ್ನಿಗೇ ಸೇರಿದರು, ಚಿಕ್ಕಬಳ್ಳಾಪುರದಲ್ಲಿ ದುಡಿದರು. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು ಹೊರಗಿನ ಓದುಗರಿಗೆ ಪರಿಚಯಿಸಿದರು. ಒಂದೇ ಮನೆಯಿಂದ ಸತ್ಯವೇದದ ಪರಿಷ್ಕರಣೆ, ಹೆಣ್ಣುಮಕ್ಕಳ ಶಾಲೆ, ಹೋಬಳಿ ಶಾಲೆ, ಶಾಸನ ಸಂಪುಟ, ಸಾಹಿತ್ಯ ಚರಿತ್ರೆ ಎಲ್ಲವೂ ಬಂದವು.

ಬೆಟ್ಟದ ಮೇಲಿನ ಬರಹ

ರೈಸ್ 1892ರಲ್ಲಿ ಪ್ರಕಟಿಸಿದ ಅಶೋಕನ ಶಾಸನಗಳು ಮೂರು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ಒಂದರ ಸಮೀಪದಲ್ಲಿ ಇನ್ನೊಂದು. ಅಶೋಕನ ಆಳ್ವಿಕೆ ಮೈಸೂರು ಸೀಮೆಯವರೆಗೆ ಹಬ್ಬಿತ್ತೆಂಬುದಕ್ಕೆ ಕಲ್ಲಿನ ಸಾಕ್ಷಿ ಸಿಕ್ಕಿದ್ದು ಆಗಲೇ. ವಿಯೆನ್ನದ ಪಂಡಿತ ಜಾರ್ಜ್ ಬ್ಯೂಲರ್ ಅವನ್ನು ಸಂಪಾದಿಸಿ ಪ್ರಕಟಿಸಿದಾಗ ಮೊಳಕಾಲ್ಮೂರು ತಾಲ್ಲೂಕಿನ ಹಳ್ಳಿಗಳ ಹೆಸರು ಯುರೋಪಿನ ವಿದ್ವತ್ ಸಭೆಗಳಲ್ಲಿ ಕೇಳಿಸಿತು.

ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಮಹಾಮಾತ್ರರೆಂಬ ಅಧಿಕಾರಿಗಳು ಇಸಿಲದ ಮಹಾಮಾತ್ರರಿಗೆ ಚಕ್ರವರ್ತಿಯ ಆಜ್ಞೆಯನ್ನು ತಲುಪಿಸಿದ್ದು ಈ ಶಾಸನಗಳ ಪಾಠ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ. ಬರೆದ ಲಿಪಿಕಾರನ ಹೆಸರು ಚಪಡ. ಆತ ತನ್ನ ವೃತ್ತಿಯ ಹೆಸರನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಅದರ ಸಾರ. ದೊಡ್ಡವರಿಗಷ್ಟೇ ಅಲ್ಲ, ಶ್ರಮಪಟ್ಟರೆ ಸಣ್ಣವರಿಗೂ ಸ್ವರ್ಗ ದಕ್ಕುತ್ತದೆ ಎಂಬ ಭರವಸೆಯೂ ಅದರಲ್ಲಿದೆ.

ಸ್ಥಳೀಯರಿಗೆ ಈ ಬಂಡೆಗಳು ಹೊಸವಲ್ಲ. ಬ್ರಹ್ಮಗಿರಿಯ ಶಾಸನದ ಬಂಡೆಯನ್ನು ಜನ ಅಕ್ಷರ ಗುಂಡು ಎಂದೇ ಕರೆಯುತ್ತಿದ್ದರು. ಜಟಾಯು ಬಿದ್ದ ಜಾಗವೆಂದು ಜನ ನಂಬುವ ಜಟಿಂಗ ರಾಮೇಶ್ವರದ ಬಂಡೆಯ ಹೆಸರು ಬಳೆಗಾರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಜಾಗ. ಮೂರರಲ್ಲಿ ಹೆಚ್ಚು ಸವೆದು ಹೋಗಿರುವುದೂ ಇದೇ. ಅರ್ಥ ತಿಳಿಯದಿದ್ದರೂ ಬರಹವನ್ನು ಬರಹವೆಂದು ಗುರುತಿಸಿ, ಹೆಸರಿಟ್ಟು, ಎರಡು ಸಾವಿರ ವರ್ಷ ಉಳಿಸಿಕೊಂಡವರು ಬೇಡರು, ಗೊಲ್ಲರು, ಕುರುಬರು, ಬಳೆಗಾರರು ಮೊದಲಾದ ಈ ಸೀಮೆಯ ಜನ. ಬಂಡೆಯ ದಾರಿ ತೋರಿಸಿದವರು, ಅಚ್ಚು ತೆಗೆಯಲು ಕಾಗದ ಒತ್ತಿದವರು, ಪಾಠ ಬಿಡಿಸಿದ ಪಂಡಿತರು ಇಲ್ಲದೆ ರೈಸ್ ಅವರ ಕೆಲಸ ನಡೆಯುತ್ತಿರಲಿಲ್ಲ. ಹ್ಯಾಂಡ್ಸ್ ಅವರ ಸತ್ಯವೇದದ ಹಿಂದೆ ನಿಂತ ಮುನ್ಷಿಗಳಿಗೂ ಈ ಮಾತು ಸಲ್ಲುತ್ತದೆ.

ಈ ಶೋಧ ಮಿಷನ್ನಿನ ಕೆಲಸವಲ್ಲ; ರೈಸ್ ಅವರು ಸಂಸ್ಥಾನದ ಅಧಿಕಾರಿಯಾಗಿ ಮಾಡಿದ್ದು. ಶೋಧವಾದದ್ದು ಬುದ್ಧನ ಉಪಾಸಕನಾದ ರಾಜನ ಮಾತು, ಅದು ಇದ್ದದ್ದು ಶಿವಾಲಯದ ಬೆಟ್ಟದಲ್ಲಿ. ಆದರೂ ಇದನ್ನು ಮಿಷನ್ನಿನ ಚರಿತ್ರೆಯಲ್ಲಿ ಸೇರಿಸಲು ನನಗೆ ಸಂಕೋಚವಿಲ್ಲ. ರೈಸ್ ಅವರಿಗೆ ಕನ್ನಡವನ್ನು ಮನೆಮಾತಿನಂತೆ ಕೇಳಿಸಿದ್ದು, ಕನ್ನಡದ ಬರಹವೆಂದರೆ ಗೌರವ ಕಲಿಸಿದ್ದು, ಕಷ್ಟದ ಕೆಲಸವನ್ನು ದಶಕಗಟ್ಟಲೆ ಹಿಡಿದು ಮಾಡುವ ನಿಷ್ಠೆ ತೋರಿಸಿದ್ದು ಆ ಮಿಷನ್ ಮನೆಯೇ. ತನ್ನದೆಂದು ಹೇಳಿಕೊಳ್ಳಲಾಗದ ಕಡೆ ಫಲ ಕೊಟ್ಟ ಸೇವೆಯೇ ಒಂದು ಸಂಸ್ಥೆಯ ನಿಜವಾದ ಆಸ್ತಿ.

ಕನ್ನಡಿಗರೇ ಮುಂದಾದಾಗ

ಪರದೇಶದವರು ಹಾಕಿದ ಅಡಿಪಾಯದ ಮೇಲೆ ಮನೆ ಕಟ್ಟಿದವರು ಕನ್ನಡ ಕ್ರೈಸ್ತರು. ಅವರಲ್ಲಿ ಮುಂದೆ ನಿಲ್ಲುವವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881–1962). ಅವರ ಹೆಸರಿನಲ್ಲಿರುವ ಉತ್ತಂಗಿ ಹಳೆಯ ಬಳ್ಳಾರಿ ಜಿಲ್ಲೆಯ ಹಡಗಲಿ ಸೀಮೆಯ ಊರು. ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿದ್ದುಕೊಂಡೇ ಅವರು ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕಲೆಹಾಕಿದರು. 1924ರಲ್ಲಿ ಆ ಸಂಗ್ರಹ ಪ್ರಕಟವಾಯಿತು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಬರೆದು ಕ್ರಿಸ್ತನನ್ನು ಭಾರತದ ಮಾತಿನಲ್ಲಿ ಪರಿಚಯಿಸಿದರು; ಬಸವಣ್ಣನ ಅನುಭವ ಮಂಟಪ ಇತ್ತೋ ಇಲ್ಲವೋ ಎಂಬ ವಾದ ಎದ್ದಾಗ ಇತ್ತೆಂದು ಆಧಾರಗಳೊಡನೆ ಬರೆದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ತನ್ನ ನಂಬಿಕೆಯನ್ನು ಸಡಿಲಗೊಳಿಸದೆ ನೆರೆಯವರ ಅರಿವನ್ನು ತಲೆಯ ಮೇಲೆ ಹೊತ್ತು ನಡೆಯಬಹುದು ಎಂದು ಅವರ ಬದುಕು ತೋರಿಸಿತು.

ಅವರಷ್ಟು ಹೆಸರಾಗದವರು ಇನ್ನೂ ಬಹಳ. ಸೈಕಲ್ಲೂ ಇಲ್ಲದ ಕಾಲದಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದ ಉಪದೇಶಿಗಳು, ಬಾಣಂತಿಯ ಮನೆಗೆ ರಾತ್ರಿಯಲ್ಲಿ ಲಾಟೀನು ಹಿಡಿದು ಹೋದ ಮಿಷನ್ ಆಸ್ಪತ್ರೆಯ ನರ್ಸುಗಳು, ಊರಹೊರಗಿನ ಕೇರಿಯ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ತಿದ್ದಿಸಿದ ಮೇಷ್ಟರುಗಳು. ಮುಟ್ಟಲು ಬಾರದವರೆಂದು ದೂರವಿಟ್ಟಿದ್ದ ಮಕ್ಕಳಿಗೆ ಸ್ಲೇಟು ಕೊಟ್ಟು ಬೆಂಚಿನ ಮೇಲೆ ಜಾಗ ಕೊಟ್ಟದ್ದು ನಮ್ಮ ಶಾಲೆಗಳ ಚರಿತ್ರೆಯ ಬಹು ದೊಡ್ಡ ಸಂಗತಿ.

ಮುಂದಿನ ಕೆಲಸ

ಸ್ಮರಣೆಯ ಲೇಖನ ಹೊಗಳಿಕೆಯಲ್ಲಿ ಮುಗಿದರೆ ಸಾಲದು, ಕೆಲಸ ಹಚ್ಚಬೇಕು. ನಮ್ಮ ಸಭೆಗಳ ಕಪಾಟುಗಳಲ್ಲಿ ದೀಕ್ಷಾಸ್ನಾನ, ಮದುವೆ, ಸಮಾಧಿಯ ಹಳೆಯ ರಿಜಿಸ್ಟರುಗಳು ಗೆದ್ದಲಿಗೆ ಬಲಿಯಾಗುತ್ತಿವೆ. ಬರಗಾಲದ ಅನಾಥಾಲಯದ ಮಕ್ಕಳ ಹೆಸರು, ಮಿಷನ್ ಶಾಲೆಯ ಹಾಜರಿ, ಕನ್ನಡ ಕೀರ್ತನೆಯ ಕೈಬರಹದ ಪುಸ್ತಕ, ಎಲ್ಲವೂ ನಾಡಿನ ದಾಖಲೆ. ಪ್ರತಿ ಸಭೆಯೂ ತನ್ನಲ್ಲಿರುವ ಕಾಗದಗಳ ಪಟ್ಟಿ ಮಾಡಿ, ಫೋಟೊ ತೆಗೆಸಿ, ಬೆಂಗಳೂರಿನ ಸಂಯುಕ್ತ ದೈವಶಾಸ್ತ್ರ ಕಾಲೇಜಿನಂಥ ಪತ್ರಾಗಾರವಿರುವ ಕಡೆ ಒಂದು ಪ್ರತಿ ಇಡಬೇಕು. ಮುನ್ಷಿಗಳು, ಉಪದೇಶಿಗಳು, ಬೈಬಲ್ ಹೆಂಗಸರು, ಮೇಷ್ಟರುಗಳ ಹೆಸರುಗಳನ್ನು ಅವುಗಳಿಂದ ಹೆಕ್ಕಿ ತೆಗೆದು ಮುಂದಿನ ಸಂಚಿಕೆಗಳಲ್ಲಿ ಅಚ್ಚು ಮಾಡಬೇಕು.

ಎರಡನೆಯ ಕೆಲಸ ಮೊಳಕಾಲ್ಮೂರು, ಚಳ್ಳಕೆರೆಗಳ ಕಡೆಗೆ. ಮಗ್ಗದ ಮನೆಯಲ್ಲಿ ರೇಷ್ಮೆ ಸೀರೆ ನೇಯುವವರ, ಕುರಿ ಹಿಂಡಿನ ಹಿಂದೆ ಹೋಗುವವರ, ಶೇಂಗಾ ಹೊಲದಲ್ಲಿ ದುಡಿಯುವವರ ಮಕ್ಕಳಿಗೆ ಸಂಜೆಯ ಓದಿನ ಮನೆಗಳು ಇಂದಿಗೂ ಬೇಕು. ನಮ್ಮ ಶಾಲೆಗಳೂ ಯುವಜನ ಸಂಘಗಳೂ ಅಂಥ ಮನೆಗಳನ್ನು ಊರಿನವರ ಜೊತೆ ಸೇರಿ, ಯಾವ ಕರಾರೂ ಇಲ್ಲದೆ ನಡೆಸಲಿ. ಅಲ್ಲಿಗೆ ಬರುವ ಮಕ್ಕಳನ್ನು ವರ್ಷಕ್ಕೊಮ್ಮೆ ಜಟಿಂಗ ರಾಮೇಶ್ವರಕ್ಕೂ ಬ್ರಹ್ಮಗಿರಿಗೂ ಕರೆದೊಯ್ದು, ತಮ್ಮ ತಾಲ್ಲೂಕಿನ ಬಂಡೆ ಏನು ಹೇಳುತ್ತದೆ, ಅದನ್ನು ಕಾಯುವುದು ಹೇಗೆ ಎಂದು ತಿಳಿಸಲಿ. ಹ್ಯಾಂಡ್ಸ್, ರೀವ್, ರೈಸ್ ಅವರ ಹೆಸರಿನ ಜೊತೆಗೆ ಹೆಸರಿಲ್ಲದ ಮುನ್ಷಿಗಳನ್ನೂ ನೆನೆಯುವ ಸಭೆ ಈ ಕೆಲಸವನ್ನು ಈ ವರ್ಷವೇ ಕೈಗೆತ್ತಿಕೊಳ್ಳಬೇಕೆಂದು ಓದುಗರೆಲ್ಲರನ್ನೂ ಕೇಳಿಕೊಳ್ಳುತ್ತೇನೆ.